ಸಿ ಕೋಡಿನಲ್ಲಿ ಕಾಮೆಂಟ್ ಒಳಗೆ ಕಾಮೆಂಟ್ ಹಾಕಿದರೆ ಎರರ್ ಯಾಕೆ?

ಪ್ರಶ್ನೆ:
ಒಂದು ಫಂಕ್ಷನ್ನಿನ ಸುಮಾರು 40 ಸಾಲನ್ನು ಟೆಸ್ಟಿಂಗಿಗೆ ಅಂತ ಸದ್ಯಕ್ಕೆ ನಿಲ್ಲಿಸಬೇಕು. ಮೇಲೆ /* ಕೆಳಗೆ */ ಹಾಕಿದೆ. ಆ ಸಾಲುಗಳ ನಡುವೆ ಮೊದಲೇ ಒಂದು /* */ ಕಾಮೆಂಟ್ ಇದೆ. ಜಿಸಿಸಿ ಕಂಪೈಲರ್ ಕೊನೆಯ ಸಾಲಿನಲ್ಲಿ '/' ಟೋಕನ್‌ಗೆ ಮುಂಚೆ ಎಕ್ಸ್‌ಪ್ರೆಶನ್ ಇಲ್ಲ ಅನ್ನುತ್ತಿದೆ. ಪ್ರತಿ ಸಾಲಿಗೂ // ಹಾಕಲಾ?

ಉತ್ತರ 1:
/* ಕಂಡ ಮೇಲೆ ಕಂಪೈಲರ್ ಹುಡುಕುವುದು ಮೊದಲು ಸಿಗುವ */ ಒಂದನ್ನೇ. ಒಳಗಿನ /* ಲೆಕ್ಕಕ್ಕಿಲ್ಲ. ಹಾಗಾಗಿ ಒಳಗಿನ */ ಬಂದಲ್ಲೇ ನಿಮ್ಮ ಕಾಮೆಂಟ್ ಮುಗಿದಿದೆ, ಅಲ್ಲಿಂದಾಚೆಗಿನ ಸಾಲುಗಳು ಮಾಮೂಲಿ ಕೋಡ್ ಆಗಿವೆ. ಕೊನೆಯಲ್ಲಿ ಒಂಟಿಯಾಗಿ ಉಳಿದ */ ಎರಡು ಆಪರೇಟರ್ ಆಗಿ ಕಂಡದ್ದಕ್ಕೇ ಆ ಎರರ್.

ಮೇಲೆ #ಇಫ್ 0, ಕೆಳಗೆ #ಎಂಡಿಫ್ ಹಾಕಿ, ನಡುವಿನ ಸಾಲುಗಳು ಕಂಪೈಲ್ ಆಗುವುದಿಲ್ಲ. ಒಳಗೆ ಎಷ್ಟು ಕಾಮೆಂಟ್ ಇದ್ದರೂ ತೊಂದರೆಯಿಲ್ಲ, ಇನ್ನೊಂದು #ಇಫ್ ಜೋಡಿ ಇದ್ದರೂ ನಡೆಯುತ್ತದೆ. ಮತ್ತೆ ಬೇಕಾದಾಗ 0 ತೆಗೆದು 1 ಮಾಡಿ. ಆದರೆ ಅಲ್ಲಿ ಬರೀ ವಿವರಣೆ ಬರೆಯಬೇಡಿ: ಒಳಗಿನದನ್ನೂ ಪ್ರಿಪ್ರೊಸೆಸರ್ (ಕಂಪೈಲಿಗೆ ಮುಂಚೆ # ಸಾಲುಗಳನ್ನು ನೋಡಿಕೊಳ್ಳುವ ಭಾಗ) ಟೋಕನ್ ಟೋಕನ್ ಆಗಿ, ಅಂದರೆ ಪದ-ಚಿಹ್ನೆಗಳಾಗಿ ಒಡೆಯುತ್ತದೆ, ಒಂಟಿ ' ಸಿಕ್ಕಿದರೆ ವಾರ್ನಿಂಗ್ ಬರುತ್ತದೆ.

ಉತ್ತರ 2:
// ಕೂಡ ಆಗುತ್ತದೆ, ಆದರೆ ಅದು ಸ್ಟ್ಯಾಂಡರ್ಡಿಗೆ ಸೇರಿದ್ದು ಸಿ ಭಾಷೆಯ 1999ರ ಆವೃತ್ತಿಯಾದ ಸಿ99ರಲ್ಲಿ. ಹಳೆಯ ಮೇಕ್‌ಫೈಲಿನಲ್ಲಿ (ಕಂಪೈಲ್ ಮಾಡುವ ಸೂಚನೆಗಳ ಫೈಲ್) ಅದಕ್ಕೂ ಹಿಂದಿನ ಸಿ89 ಅಂತ ಕಟ್ಟುನಿಟ್ಟು ಮಾಡಿದ್ದರೆ ಎರರ್ ಖಂಡಿತ.

ಇದಕ್ಕಿಂತ ಅಪಾಯದ್ದು ಸಾಲಿನ ಕೊನೆಯ \ ಚಿಹ್ನೆ.

// ಲಾಗ್ ಫೈಲ್ ಇರುವುದು ಡಿ:\ಲಾಗ್\
ಎಣಿಕೆ = 0;

ಇಲ್ಲಿ ಎರಡನೇ ಸಾಲೂ ಕಾಮೆಂಟಿನಲ್ಲಿ ಸೇರಿಹೋಗುತ್ತದೆ. ಕಾಮೆಂಟ್ ಗುರುತಿಸುವ ಮೊದಲೇ ಕಂಪೈಲರ್ \ ಇರುವ ಸಾಲನ್ನು ಮುಂದಿನ ಸಾಲಿಗೆ ಅಂಟಿಸಿರುತ್ತದೆ. ಎರರ್ ಬರುವುದಿಲ್ಲ, ಎಣಿಕೆಯಲ್ಲಿ ಕಸ ಉಳಿಯುತ್ತದೆ. ಡಬ್ಲ್ಯೂ-ಆಲ್ (-Wall) ಆಪ್ಶನ್ ಹಾಕಿ ಕಂಪೈಲ್ ಮಾಡಿದರೆ ಜಿಸಿಸಿ ಎಚ್ಚರಿಸುತ್ತದೆ, ದಯವಿಟ್ಟು ಯಾವತ್ತೂ ಅದನ್ನು ಬಿಡಬೇಡಿ.

ಪಾಯಿಂಟರಿನಿಂದ ಭಾಗಿಸುವಾಗಲೂ ಜೋಕೆ. ಒಟ್ಟು/*ಪಾಲು ಎಂದು ಒತ್ತಾಗಿ ಬರೆದರೆ ಕಾಮೆಂಟ್ ಶುರುವಾಗುತ್ತದೆ. ಒಟ್ಟು / (*ಪಾಲು) ಎಂದು ಬರೆಯಿರಿ.

ಪ್ರಶ್ನೆ ಕೇಳಿದವರು:
#ಇಫ್ 0 ಕೆಲಸ ಮಾಡಿತು, ಧನ್ಯವಾದ. ಆ ಭಾಗವನ್ನು ಹಾಗೇ ಬಿಡಬಹುದಾ?

ಉತ್ತರ 3:
ಟೆಸ್ಟಿಂಗ್ ಮುಗಿದ ಮೇಲೆ ಅಳಿಸಿಬಿಡಿ, ಕೋಡಿನ ಹಳೆಯ ಆವೃತ್ತಿಗಳನ್ನು ಉಳಿಸುವ ಗಿಟ್‌ನಲ್ಲಿ ಹಳೆಯದು ಇದ್ದೇ ಇರುತ್ತದೆ. ಸತ್ತ ಕೋಡ್ ಓದುವವರ ದಾರಿ ತಪ್ಪಿಸುತ್ತದೆ. ಉಳಿಸಬೇಕಾದ್ದು ಕಾರಣ ಹೇಳುವ ಕಾಮೆಂಟ್. ಎಚ್‌ಡಿ44780 ಚಿಪ್ ನಡೆಸುವ ಎಲ್‌ಸಿಡಿ ಪರದೆಯದ್ದೇ ನೋಡಿ, ಕರ್ಸರನ್ನು ಮೊದಲ ಜಾಗಕ್ಕೆ ತರುವ ಅದರ ಆದೇಶದ ಹೆಸರು ರಿಟರ್ನ್ ಹೋಮ್:

ಡಿಲೇ(2); /* 2 ಮಿಲಿಸೆಕೆಂಡ್ ಕಾಯಬೇಕು */

ಇದು ಕೋಡ್ ಹೇಳಿದ್ದನ್ನೇ ಮತ್ತೆ ಹೇಳುತ್ತದೆ, ದಂಡ.

ಡಿಲೇ(2); /* ರಿಟರ್ನ್ ಹೋಮ್ ಮುಗಿಯಲು 1.52 ಮಿಲಿಸೆಕೆಂಡ್ ಬೇಕು */

ಹೀಗಿದ್ದರೆ ವೇಗ ಹೆಚ್ಚಿಸಲು ಹೊರಟವರು 2ನ್ನು 1ಕ್ಕೆ ಇಳಿಸುವುದಿಲ್ಲ.