ಇಟಿಪಿ ಕಡ್ಡಾಯವಾದರೆ ಪ್ಲೇಟಿಂಗ್ ಘಟಕದ ಉತ್ಪಾದಕತೆ ಇಳಿಯುತ್ತದೆಯೇ?

ಲೆಕ್ಕದಪುಸ್ತಕ
ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ ಕಡೆಯ ಸತು ಪ್ಲೇಟಿಂಗ್ (ಲೋಹದ ಮಾಲಿಗೆ ಸತುವಿನ ಲೇಪನ) ಘಟಕಗಳನ್ನು ಮನಸ್ಸಲ್ಲಿಟ್ಟುಕೊಂಡು ಕೇಳುತ್ತಿದ್ದೇನೆ. ಸಿಎಫ್‌ಒ (ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ಘಟಕ ನಡೆಸುವ ಅನುಮತಿ) ಷರತ್ತಿನಂತೆ ಇಟಿಪಿ, ಅಂದರೆ ಕೊಳಕು ನೀರು ಶುದ್ಧಿ ಮಾಡುವ ಘಟಕ, ನಡೆಸಿದರೆ ಕರೆಂಟು, ಕೆಮಿಕಲ್, ಆಪರೇಟರ್ ಸಂಬಳ ಎಲ್ಲ ಸೇರುತ್ತವೆ, ಮಾಲು ಮಾತ್ರ ಅಷ್ಟೇ. ಹಾಗಿದ್ದರೂ ‘ನಿಯಮ ಬಿಗಿಯಾದರೆ ಹಸಿರು ಉತ್ಪಾದಕತೆ ಏರುತ್ತದೆ’ ಅನ್ನುತ್ತಾರಲ್ಲ, ಅದು ಯಾವ ಲೆಕ್ಕ?

ಜಿಗ್‌ಬ್ಯಾರಲ್
ಇಟಿಪಿಯನ್ನು ಮಾತ್ರ ನೋಡಿದರೆ ನಷ್ಟವೇ ಸರ್. ಲಾಭ ಇರುವುದು ಅದಕ್ಕೂ ಮುಂಚೆ, ತೊಳೆಯುವ ತೊಟ್ಟಿಗಳಲ್ಲಿ. ಗಂಟೆಗೆ 1 ಲೀಟರ್ ಪ್ಲೇಟಿಂಗ್ ದ್ರಾವಣ ಮಾಲಿಗೆ ಅಂಟಿಕೊಂಡು ಹೋಗುತ್ತದೆ, ಅದನ್ನು 1000 ಪಟ್ಟು ತೆಳು ಮಾಡಬೇಕು ಅಂದುಕೊಳ್ಳಿ. ಒಂದೇ ತೊಟ್ಟಿಯಾದರೆ ಗಂಟೆಗೆ 1000 ಲೀಟರ್ ನೀರು. ಮಾಲಿನ ಎದುರು ದಿಕ್ಕಿಗೆ ನೀರು ಹರಿಯುವಂತೆ ಎರಡು ತೊಟ್ಟಿ ಜೋಡಿಸಿದರೆ ಸುಮಾರು 32, ಮೂರಾದರೆ ಸುಮಾರು 10. ಇದು ಕಾಗದದ ಲೆಕ್ಕ. ತೊಟ್ಟಿಯಲ್ಲಿ ನೀರು ಸರಿಯಾಗಿ ಕಲೆಯುವುದಿಲ್ಲ, ಆದ್ದರಿಂದ ಎರಡು ಮೂರು ಪಟ್ಟು ಹಿಡಿಯಿರಿ. ಜಿಗ್ಗನ್ನು (ಮಾಲು ನೇತುಹಾಕುವ ಚೌಕಟ್ಟು) ಬಾತ್ (ಪ್ಲೇಟಿಂಗ್ ದ್ರಾವಣದ ತೊಟ್ಟಿ) ಮೇಲೆ 10–15 ಸೆಕೆಂಡು ಸೋರಲು ಬಿಟ್ಟರೆ ಆ 1 ಲೀಟರೇ ಕಡಿಮೆಯಾಗುತ್ತದೆ. ಇದಕ್ಕೆ ಖರ್ಚೇನೂ ಇಲ್ಲ, ಆದರೂ ಎಲ್ಲರೂ ಅವಸರ ಮಾಡುವುದು ಇಲ್ಲೇ.

ಹಳದಿ ಪ್ಯಾಸಿವೇಷನ್ನಿನ (ಸತುವಿನ ಮೇಲೆ ತುಕ್ಕು ತಡೆಯುವ ಕ್ರೋಮ್ ಪದರ) ಕ್ರೋಮ್ ನೀರಿನ ಪೈಪು ಬೇರೆಯೇ ಇರಲಿ. ವಿಷಕಾರಿ ಕ್ರೋಮ್ 6 ಅನ್ನು ಸುಣ್ಣಕ್ಕೆ ತಳಕ್ಕಿಳಿಯುವ ಕ್ರೋಮ್ 3 ಮಾಡಲು ಆಸಿಡ್ ಹಾಕಿ ಪಿಎಚ್ 2–2.5ಕ್ಕೆ ಇಳಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಬೇಕು. ಲೆಕ್ಕದ ಪ್ರಕಾರ 1 ಕಿಲೋ ಕ್ರೋಮಿಗೆ 2.74 ಕಿಲೋ, ರೂಢಿಯಲ್ಲಿ 3ರ ಮೇಲೆ. ಎಲ್ಲ ನೀರನ್ನೂ ಒಂದೇ ಗುಂಡಿಗೆ ಬಿಟ್ಟರೆ ಅಷ್ಟಕ್ಕೂ ಆಸಿಡ್ ಸುರಿಯಬೇಕು, ಆಮೇಲೆ ಪಿಎಚ್ ಏರಿಸಲು ಅಷ್ಟಕ್ಕೂ ಸುಣ್ಣ. ಸುಣ್ಣ ಹೆಚ್ಚಾದಷ್ಟೂ ಸ್ಲಡ್ಜ್ (ತಳದ ಕೆಸರು) ಹೆಚ್ಚು. ಪಿಎಚ್ 5ರಲ್ಲೇ ಮೆಟಾಬೈಸಲ್ಫೈಟ್ ಹಾಕಿದರೆ ಕೆಲಸ ನಡೆಯುವುದಿಲ್ಲ. ಕ್ರೋಮ್ 6 ಸುಣ್ಣಕ್ಕೂ ತಳಕ್ಕೆ ಇಳಿಯದೆ ನೇರ ಹೊರಗೆ ಹೋಗುತ್ತದೆ, ಮಿತಿಯೋ ಲೀಟರಿಗೆ 0.1 ಮಿಲಿಗ್ರಾಂ. ಸತು ತಳಕ್ಕೆ ಇಳಿಯಲು ಪಿಎಚ್ 9ರ ಆಸುಪಾಸು ಸಾಕು. 11 ದಾಟಿದರೆ ಇಳಿದ ಸತು ಮತ್ತೆ ಕರಗುತ್ತದೆ.

ಲೆಕ್ಕದಪುಸ್ತಕ
ಮೊದಲ ತೊಟ್ಟಿಯ ನೀರನ್ನು ವಾಪಸ್ ಬಾತ್‌ಗೇ ಹಾಕಬಹುದಾ?

ಜಿಗ್‌ಬ್ಯಾರಲ್
ನಿಕ್ಕಲ್ ಬಾತ್ 50–60 ಡಿಗ್ರಿಯಲ್ಲಿರುತ್ತದೆ, ಆವಿಯಾದಷ್ಟು ಜಾಗ ಸಿಗುತ್ತದೆ, ಹಾಕಬಹುದು. ಸತು ಬಾತ್ ತಣ್ಣಗಿರುತ್ತದೆ, ಜಾಗ ಸಿಗುವುದು ಅಲ್ಪ. ಬೋರ್‌ವೆಲ್ಲಿನ ಗಡಸು ನೀರನ್ನಂತೂ ಹಾಗೇ ತಿರುಗಿಸಬೇಡಿ, ಕ್ಯಾಲ್ಸಿಯಂ ಬಾತ್‌ನಲ್ಲೇ ಸೇರುತ್ತಾ ಹೋಗುತ್ತದೆ. ಆರ್‌ಒ ನೀರಿನಲ್ಲಿ ತೊಳೆಯಬೇಕು.

ಅಂಕಿಅಂಶ
ಮೂಲ ಪ್ರಶ್ನೆಗೆ ಬರುತ್ತೇನೆ. ಮಾಮೂಲಿ ಉತ್ಪಾದಕತೆ ಲೆಕ್ಕದಲ್ಲಿ ಬಂಡವಾಳ, ಕೂಲಿ, ಇಂಧನ, ಮಾಲು ಇಷ್ಟೇ ಇರುತ್ತವೆ. ಅದರಲ್ಲಿ ಇಟಿಪಿ ಬರೀ ಹೊರೆ. ಹಸಿರು ಲೆಕ್ಕದಲ್ಲಿ ಕೊಳಕು ನೀರು, ಸ್ಲಡ್ಜ್ ಕೂಡ ‘ಕೆಟ್ಟ ಉತ್ಪನ್ನ’ ಎಂದು ಸೇರುತ್ತವೆ. ಮಾಲು ಹೆಚ್ಚಿಸಿ ಕೊಳೆ ಇಳಿಸಿದವರಿಗೆ ಅಂಕ. 1997ರಲ್ಲಿ ಚುಂಗ್, ಫಾರೆ, ಗ್ರಾಸ್‌ಕಾಫ್ ರೂಪಿಸಿದ ಮಾಲ್ಮ್‌ಕ್ವಿಸ್ಟ್–ಲ್ಯುಯೆನ್‌ಬರ್ಗರ್ ಸೂಚ್ಯಂಕ ಈ ಜಾತಿಯದು. ಘಟಕದ ಮಟ್ಟಿಗೆ ಅಷ್ಟು ದೂರ ಹೋಗಬೇಕಿಲ್ಲ. ಚದರ ಮೀಟರ್ ಪ್ಲೇಟಿಂಗಿಗೆ ಎಷ್ಟು ಲೀಟರ್, ಎಷ್ಟು ಯೂನಿಟ್, ಎಷ್ಟು ಕಿಲೋ ಸ್ಲಡ್ಜ್ ಎಂದು ತಿಂಗಳಿಗೊಮ್ಮೆ ಬರೆದಿಡಿ.

ಊರಿಗೆ ಊರು ಹೋಲಿಸುವಾಗ ಮಾತ್ರ ಎಚ್ಚರ. ಬೆಂಗಳೂರಿನ ಪೀಣ್ಯದ ಘಟಕವೊಂದು ತುಮಕೂರಿನ ವಸಂತನರಸಾಪುರಕ್ಕೆ ಬಂದರೆ ಬೆಂಗಳೂರಿನ ಅಂಕಿ ಚಂದವಾಗುತ್ತದೆ, ಕೊಳೆ ಹೋಗಿರುವುದಿಲ್ಲ. ಇನ್ನೊಂದು, ಕೊಳೆ ಜಾಸ್ತಿ ಇರುವ ಊರಿಗೇ ನಿಯಮವೂ ಬಿಗಿ. ಹಾಗೇ ಹೋಲಿಸಿದರೆ ತಪ್ಪೆಲ್ಲ ನಿಯಮದ್ದೇ ಎಂದು ಕಾಣುತ್ತದೆ. ಒಂದೇ ಊರನ್ನು ನಿಯಮ ಬರುವ ಮೊದಲು ಮತ್ತು ಬಂದ ಮೇಲೆ ನೋಡಬೇಕು, ಅದೂ ತೊಟ್ಟಿ ಬದಲಿಸಲು ಒಂದೆರಡು ವರ್ಷ ಬಿಟ್ಟು.