ಒಂದನೆಯ ನಂಬರಿನ ಕೋವಿ

ಸಕಲೇಶಪುರದ ಮಳೆಗಾಲದ ಸಂಜೆಗಳಲ್ಲಿ ಗೌಡರ ಜಗಲಿಯಲ್ಲಿ ಸೇರುವ ನಾವು ನಾಲ್ವರು ಕಾಫಿಯ ದರದಿಂದ ಮಾತು ಆರಂಭಿಸಿ ಕಾಡಾನೆಯಲ್ಲಿ ಮುಗಿಸುವುದು ವಾಡಿಕೆ. ಕಳೆದ ಭಾನುವಾರ ಗೌಡರು ತಾತನ ಕಾಲದ ಜೋಡಿ ನಳಿಗೆಯ ಕೋವಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ತಂದು, “ಇದು ಕೋವಿಯಲ್ಲ, ಫಿಕ್ಸೆಡ್ ಡೆಪಾಸಿಟ್” ಎಂದು ಘೋಷಿಸಿದ್ದರಿಂದ ಆನೆಗಳಿಗೆ ಅಂದು ರಜೆ ಸಿಕ್ಕಿತು.

1947ರಲ್ಲಿ ತೋಟ ಮಾರಿ ಸ್ವದೇಶಕ್ಕೆ ಹೊರಟ ದೊರೆಯೊಬ್ಬನಿಂದ ತಾತ ಕೊಂಡ ಲಂಡನ್ ಕೋವಿಯದು. ನಳಿಗೆಯ ಬುಡದಲ್ಲಿ ಎರಡೂ ಬದಿಯ ಉಕ್ಕಿನ ತಗಡುಗಳ ಮೇಲೆ ಗುಲಾಬಿ ಗೊಂಚಲು, ಅದರ ಸುತ್ತ ಕೂದಲೆಳೆಯಷ್ಟು ಸಣ್ಣ ಬಳ್ಳಿಯ ಸುರುಳಿಗಳು. ಮೇಷ್ಟ್ರು ಕನ್ನಡಕ ಏರಿಸಿ, “ಇದು ನಮ್ಮ ಬೇಲೂರಿನ ಬಳ್ಳಿಯೇ” ಎಂದರು. 1814ರಲ್ಲಿ ಜೇಮ್ಸ್ ಪರ್ಡಿ ಲಂಡನ್ನಿನಲ್ಲಿ ಆರಂಭಿಸಿದ ಮನೆತನದ ಕೋವಿಗಳಿಗೆ ಇಂಥ ಗುಲಾಬಿ ಬಳ್ಳಿಯೇ ಗುರುತು ಎಂದು ನಾನು ಸೇರಿಸಿದೆ. ಇಟಲಿಯ ತ್ರೊಂಪಿಯಾ ಕಣಿವೆಯ ಗಾರ್ದೋನೆ ಊರಿನ ಕುಶಲಕರ್ಮಿಗಳಂತೂ ಬುಲಿನೊ ಎಂಬ ಚೂಪಾದ ಕೈಯುಳಿ ಹಿಡಿದು, ಭೂತಗನ್ನಡಿಯಡಿ ಸಾವಿರಾರು ಚುಕ್ಕಿ, ಗೀರುಗಳನ್ನು ಒತ್ತಿ, ಹಾರುವ ಹಕ್ಕಿಯ ಪುಕ್ಕದ ನೆರಳನ್ನೂ ಉಕ್ಕಿನಲ್ಲಿ ಮೂಡಿಸುತ್ತಾರೆ. “ಸಹಿ ಹಾಕುತ್ತಾರೆಯೇ?” ಎಂದು ಕೇಳಿದ ಮೇಷ್ಟ್ರಿಗೆ, ಹೆಸರಾಂತ ಕೆತ್ತನೆಗಾರನ ಸಹಿಯಿದ್ದರೆ ಬೆಲೆಯೇ ಬೇರೆ ಎಂದೆ. “ಹೊಯ್ಸಳರ ಶಿಲ್ಪಿಗಳಾದ ದಾಸೋಜನೂ ಮಲ್ಲಿತಮ್ಮನೂ ಎಂಟೊಂಬತ್ತು ಶತಮಾನಗಳ ಹಿಂದೆಯೇ ಕಲ್ಲಿನ ಮೇಲೆ ಹೆಸರು ಕೊರೆದರು, ಆದರೆ ಅವರ ಶಿಲ್ಪವನ್ನು ಯಾರೂ ಲಾಕರಿನಲ್ಲಿ ಇಡಲಿಲ್ಲ” ಎಂದು ಅವರು ನಿಟ್ಟುಸಿರು ಬಿಟ್ಟರು.

ಆದರೆ ತಗಡು ಬೆಳ್ಳಿಯ ಲೋಟದಂತೆ ಹೊಳೆಯುತ್ತಿತ್ತು. ಮೂಳೆ, ಇದ್ದಿಲುಗಳ ನಡುವೆ ಉಕ್ಕನ್ನು ಕಾಯಿಸಿ ನೀರಿಗದ್ದಿದಾಗ ಮೂಡುವ ನೀಲಿ, ಕಂದು ಮೋಡಗಳಂಥ ಬಣ್ಣಕ್ಕೇ ಸಂಗ್ರಾಹಕರು ಪ್ರಾಣ ಬಿಡುವುದು; ಅದು ಎಲ್ಲಿ ಹೋಯಿತು ಎಂದು ವಿಚಾರಿಸಿದೆ. ಒಳಗಿನಿಂದ ಗೌಡತಿಯವರು ಅಭಿಮಾನದಿಂದಲೇ ಉತ್ತರಿಸಿದರು: “ಪ್ರತಿ ಆಯುಧಪೂಜೆಗೂ ಹುಣಸೆಹಣ್ಣು, ಬೂದಿ ಹಾಕಿ ನಾನೇ ಉಜ್ಜುತ್ತೇನೆ.” ಗುಲಾಬಿಯ ಎಸಳಿನ ಗೀರುಗಳಲ್ಲಿ ಕುಂಕುಮ ಮಾತ್ರ ಭದ್ರವಾಗಿತ್ತು.

ಗೌಡರು ಧೃತಿಗೆಡದೆ, ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಚಿನ್ನದಲ್ಲಿ ಕೂರಿಸಿದ ‘1’ ಎಂಬ ಅಂಕಿಯನ್ನು ತೋರಿಸಿದರು. ಅದು ಮೊದಲ ಬಹುಮಾನವೆಂದು ಅವರು ನಂಬಿದ್ದರು. ಒಂದರಿಂದ ಗುಂಡು ಹಾರಿಸುವಾಗ ಇನ್ನೊಂದಕ್ಕೆ ಆಳು ತೋಟಾ ತುಂಬಿ ಕೊಡಲೆಂದು ಶ್ರೀಮಂತರು ಅವಳಿ ಕೋವಿಗಳನ್ನು ಮಾಡಿಸುತ್ತಿದ್ದರು, ಆದ್ದರಿಂದ ‘2’ ಎಲ್ಲೋ ಇರಲೇಬೇಕು, ಎರಡೂ ಕೂಡಿದ್ದರೆ ಒಂಟಿ ಕೋವಿಯ ಇಮ್ಮಡಿಗಿಂತ ಹೆಚ್ಚು ಬೆಲೆ ಎಂದು ನಾನು ವಿವರಿಸಿದಾಗ ಅವರ ಮುಖ ಕಪ್ಪಿಟ್ಟಿತು. ಪಾಲಾದ ದಿನದಿಂದ ಮಾತು ಬಿಟ್ಟ ತಮ್ಮನ ಬಳಿ ಅದಿತ್ತು.

“ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಒಬ್ಬರಿಗೆ ಎರಡೇ ಕೋವಿ, ಕಾನೂನು ನಿಮ್ಮ ಜೋಡಿಗೆಂದೇ ಅಳೆದು ಹೊಲಿದಂತಿದೆ” ಎಂದು ವಕೀಲರು ಸಮಾಧಾನ ಹೇಳಿದರು.

“ತಮ್ಮನ ಮನೆಗೆ ನಾನೇ ಹೋಗಬೇಕೇ?” ಎಂದು ಗೌಡರು ಬಹಳ ಹೊತ್ತು ಯೋಚಿಸಿ, “ಹೋಗಲಿ, ಎರಡನ್ನೂ ಇಡುವ ಚರ್ಮದ ಪೆಟ್ಟಿಗೆಗೂ ಬೆಲೆಯುಂಟೋ?” ಎಂದರು. ಮೂಲ ಪೆಟ್ಟಿಗೆಯಿದ್ದರೆ ಬಹಳ ಉಂಟು ಎಂದೆ.

ಗೌಡರು ಕೋವಿಯನ್ನು ಮತ್ತೆ ಪಂಚೆಗೆ ಸುತ್ತತೊಡಗಿದರು. ಪೆಟ್ಟಿಗೆ ಮೂಡಿಗೆರೆಯ ಅಕ್ಕನ ಪಾಲಿಗೆ ಹೋಗಿತ್ತು. ಒಳಗಿನ ಮಖಮಲ್ಲಿನ ಅರೆಗಳಲ್ಲಿ ಆಕೆ ಇಪ್ಪತ್ತು ವರ್ಷಗಳಿಂದ ಹಲಸಿನ ಹಪ್ಪಳ ಇಡುತ್ತಿದ್ದರು.