ಸಹಾಯ ಬೇಕು: ಲೈವ್ ಸೆಟ್‌ಗೆ ಯಾವ ಮಿಡಿ ಕಂಟ್ರೋಲರ್ ತಗೊಳ್ಳಲಿ?

ಎಲ್ರಿಗೂ ನಮಸ್ಕಾರ. ಏಬಲ್ಟನ್ ಲೈವ್ ಅನ್ನೋ ಮ್ಯೂಸಿಕ್ ಸಾಫ್ಟ್‌ವೇರ್‌ನಲ್ಲಿ ಸೆಟ್ ಕಟ್ಕೊಂಡು ಚಿಕ್ಕಪುಟ್ಟ ಕಡೆ ನುಡಿಸ್ತೀನಿ. ಹೋದ ವಾರ ಕತ್ತಲಲ್ಲಿ ಮೌಸ್ ತಡಕಾಡ್ತಾ ತಮಟೆ ಲೂಪ್ ನಿಲ್ಲಿಸೋಕೆ ಹೋಗಿ ಎಲ್ಲಾ ಕ್ಲಿಪ್ಪೂ ನಿಲ್ಲಿಸಿಬಿಟ್ಟೆ. ಪೂರ್ತಿ ಮೌನ. ಜನ ಮುಗೀತು ಅಂದ್ಕೊಂಡು ಚಪ್ಪಾಳೆ ಬೇರೆ ಹೊಡೆದ್ರು! ಮೌಸ್ ಸಹವಾಸ ಸಾಕು, ಸಾಫ್ಟ್‌ವೇರನ್ನ ಪ್ಯಾಡ್, ನಾಬ್‌ಗಳಿಂದ ನಡೆಸೋ ಮಿಡಿ ಕಂಟ್ರೋಲರ್ ಬೇಕು.

ಲಾಂಚ್‌ಪ್ಯಾಡ್ ಎಕ್ಸ್ ನೋಡಿದೆ. 64 ಪ್ಯಾಡ್ ಇವೆ, ಆದ್ರೆ ತಿರುಗಿಸೋಕೆ ಒಂದು ನಾಬೂ ಇಲ್ಲ. ಫಿಲ್ಟರನ್ನ ನಿಧಾನಕ್ಕೆ ತೆರೆಯುವಾಗ (ಮಂಕಾಗಿರೋ ಸೌಂಡನ್ನ ಮೆಲ್ಲಗೆ ಬಿಚ್ಚೋವಾಗ) ಬೆರಳಿಗೆ ನಾಬ್ ಸಿಗಲೇಬೇಕು ನಂಗೆ. ಅಕಾಯ್ ಎಪಿಸಿ 40 ಮಾರ್ಕ್ 2ರಲ್ಲಿ ನಾಬ್, ಫೇಡರ್, ಕ್ರಾಸ್‌ಫೇಡರ್ ಎಲ್ಲಾ ಇದೆ, ಬೈಕಲ್ಲಿ ಓಡಾಡೋನಿಗೆ ಅಗಲ ಜಾಸ್ತಿ.

ಲಾಂಚ್‌ಪ್ಯಾಡ್ ಜೊತೆ ಲಾಂಚ್ ಕಂಟ್ರೋಲ್ ಎಕ್ಸ್‌ಎಲ್ ಇಟ್ಕೊಂಡ್ರೆ 24 ನಾಬ್, 8 ಫೇಡರ್ ಸಿಗುತ್ತೆ. ಆದ್ರೆ ನನ್ನ ಲ್ಯಾಪ್‌ಟಾಪಲ್ಲಿ ಇರೋದೇ 2 ಯುಎಸ್‌ಬಿ ಪೋರ್ಟ್, ಒಂದು ಸೌಂಡ್ ಹೊರಗೆ ಕಳಿಸೋ ಆಡಿಯೋ ಇಂಟರ್‌ಫೇಸ್‌ಗೇ ಹೋಗುತ್ತೆ. ಹಬ್ ಹಾಕಿ ಸ್ಟೇಜ್ ಮೇಲೆ ನುಡಿಸಿದವರು ಯಾರಾದ್ರೂ ಇದ್ದೀರಾ? ನಡುವೆ ಕೈಕೊಡುತ್ತಾ?